ಗೋಳದ ಮೇಲೆ ಸಮನಾಗಿ ಹರಡಿದ ರ‍್ಯಾಂಡಮ್ ಬಿಂದುಗಳು: ಕೋಡಿನಲ್ಲಿ ಸರಿಯಾಗಿ ಮಾಡುವುದು ಹೇಗೆ

ಸಿಮ್ಯುಲೇಷನ್ ಬರೆಯುವವರಿಗೆ ಈ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಕ್ಷತ್ರದಿಂದ ಹೊರಟ ಫೋಟಾನ್ ಯಾವ ದಿಕ್ಕಿಗೆ ಹೋಯಿತು? ನ್ಯೂಟ್ರಾನ್ ಡಿಕ್ಕಿ ಹೊಡೆದ ಮೇಲೆ ಯಾವ ಕಡೆ ಚಿಮ್ಮಿತು? ಗೆಲಾಕ್ಸಿಗಳು ನಿಜವಾಗಲೂ ಗುಂಪು ಕಟ್ಟಿಕೊಂಡಿವೆಯಾ ಅಥವಾ ನಮ್ಮ ಕಣ್ಣಿಗೆ ಹಾಗೆ ಕಾಣುತ್ತಿದೆಯಾ ಎಂದು ತಿಳಿಯಲು, ಹೋಲಿಸಿ ನೋಡುವುದಕ್ಕೆ ಒಂದು ರ‍್ಯಾಂಡಮ್ ಆಕಾಶ ಬೇಕಲ್ಲ, ಅದನ್ನು ತುಂಬಿಸುವುದು ಹೇಗೆ? ಎಲ್ಲದರ ಹಿಂದೆ ಇರುವುದು ಒಂದೇ ಪ್ರಶ್ನೆ. ಗೋಳದ ಮೇಲ್ಮೈಯಲ್ಲಿ ಯಾವ ಜಾಗಕ್ಕೂ ಪಕ್ಷಪಾತ ಮಾಡದೆ ಒಂದು ಬಿಂದು ಆರಿಸಬೇಕು.

ಕೇಳಲು ಸುಲಭ. ಆದರೆ ಮೊದಲ ಸಲ ಬರೆಯುವವರಲ್ಲಿ ಬಹಳ ಜನ ತಪ್ಪು ಬರೆಯುತ್ತಾರೆ. ನಾನೂ ಬರೆದಿದ್ದೆ. ಬೆಳಕು ಚದುರುವ ಒಂದು ಸಣ್ಣ ಪ್ರೋಗ್ರಾಂ, 200 ಬಿಂದು ಹಾಕಿ ಚಿತ್ರ ನೋಡಿದೆ, ಚೆನ್ನಾಗಿಯೇ ಕಂಡಿತು, ಮುಂದೆ ಹೋದೆ. ಎರಡು ವಾರ ಆದ ಮೇಲೆ ಉತ್ತರ ಯಾಕೆ ಹೊಂದುತ್ತಿಲ್ಲ ಎಂದು ಹುಡುಕುತ್ತಾ ಹುಡುಕುತ್ತಾ ಅದೇ ಚಿತ್ರವನ್ನು 20,000 ಬಿಂದುಗಳಿಗೆ ಓಡಿಸಿ ಗೋಳವನ್ನು ತಲೆ ಕಡೆಯಿಂದ ತಿರುಗಿಸಿ ನೋಡಿದಾಗ, ನೆತ್ತಿಯ ಮೇಲೆ ಇಂಕಿನ ಹನಿ ಬಿದ್ದ ಹಾಗೆ ಕಪ್ಪು ಕಲೆ ಇತ್ತು. ಕೋಡಿನಲ್ಲಿ ಎರರ್ ಬಂದಿರಲಿಲ್ಲ, ವಾರ್ನಿಂಗ್ ಬಂದಿರಲಿಲ್ಲ. ಇಂಥ ತಪ್ಪು ತಾನಾಗಿ ಕೂಗಿ ಹೇಳುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇಲ್ಲಿ ಗೋಳದ ತ್ರಿಜ್ಯ 1 ಎಂದು ಇಟ್ಟುಕೊಳ್ಳೋಣ. ಬೇರೆ ತ್ರಿಜ್ಯ ಬೇಕಾದರೆ ಕೊನೆಯಲ್ಲಿ ಗುಣಿಸಿದರೆ ಆಯಿತು.

ಮೊದಲು, ಏನು ಮಾಡಬಾರದು

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು. ಗೋಳದ ಮೇಲಿನ ಜಾಗಕ್ಕೆ ಎರಡು ಕೋನ ಸಾಕು. ಮೇಲಿನ ಧ್ರುವದಿಂದ ಎಷ್ಟು ಕೆಳಗೆ ಎನ್ನುವ ಥೀಟಾ, ಅದು 0ಯಿಂದ 180 ಡಿಗ್ರಿ. ಸುತ್ತ ಎಷ್ಟು ತಿರುಗಿದೆ ಎನ್ನುವ ಫೈ, ಅದು 0ಯಿಂದ 360 ಡಿಗ್ರಿ. ಎರಡನ್ನೂ ರ‍್ಯಾಂಡಮ್ ಆಗಿ ಆರಿಸಿದರೆ ಬಿಂದುವೂ ರ‍್ಯಾಂಡಮ್ ಆಗಬೇಕು ಅಲ್ವಾ?

ರ‍್ಯಾಂಡಮ್ ಏನೋ ಆಗುತ್ತದೆ, ಸಮ ಆಗುವುದಿಲ್ಲ. ಭೂಪಟ ನೆನಪಿಸಿಕೊಳ್ಳಿ. ಸಮಭಾಜಕದ ಮೇಲೆ ಭೂಮಿಯನ್ನು ಒಂದು ಸುತ್ತು ಹಾಕಿದರೆ ಸುಮಾರು 40,000 ಕಿಲೋಮೀಟರ್. 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. 80 ಡಿಗ್ರಿಯಲ್ಲಿ ಸುಮಾರು 7,000 ಕಿಲೋಮೀಟರ್ ಅಷ್ಟೇ. ಥೀಟಾವನ್ನು ಸಮನಾಗಿ ಆರಿಸಿದಾಗ ನಾವು ಈ ಮೂರೂ ಸುತ್ತಿಗೆ ಒಂದೇ ಪ್ರಮಾಣದ ಬಿಂದುಗಳನ್ನು ಹಂಚುತ್ತಿದ್ದೇವೆ. 40,000 ಕಿಲೋಮೀಟರ್ ಉದ್ದದ ಬೀದಿಗೂ 7,000 ಕಿಲೋಮೀಟರ್ ಬೀದಿಗೂ ಅಷ್ಟೇ ಜನ ಎಂದರೆ, ಚಿಕ್ಕ ಬೀದಿಯಲ್ಲಿ ನೂಕುನುಗ್ಗಲು ಆಗದೆ ಇರುತ್ತದೆಯೇ?

ಲೆಕ್ಕ ಹಾಕಿದರೆ ಇದರ ಗಾತ್ರ ತಿಳಿಯುತ್ತದೆ. ಎರಡೂ ಧ್ರುವಗಳಿಂದ 10 ಡಿಗ್ರಿ ಒಳಗಿನ ಟೊಪ್ಪಿಗೆಗಳನ್ನು ತೆಗೆದುಕೊಳ್ಳಿ. ಎರಡೂ ಸೇರಿ ಗೋಳದ ವಿಸ್ತೀರ್ಣದ ಬರೀ 1.52 ಶೇಕಡಾ. 1 ಲಕ್ಷ ಬಿಂದು ಹಾಕಿದರೆ ಅಲ್ಲಿ ಸುಮಾರು 1,520 ಬೀಳಬೇಕು. ಕೋನಗಳನ್ನು ಸಮನಾಗಿ ಆರಿಸುವ ಕೋಡಿನಲ್ಲಿ ಅಲ್ಲಿ ಬೀಳುವುದು ಸುಮಾರು 11,100. ಏಳು ಪಟ್ಟಿಗಿಂತ ಜಾಸ್ತಿ! ಅದೇ ಸಮಭಾಜಕದ ಆಚೆಈಚೆ 10 ಡಿಗ್ರಿ ಪಟ್ಟಿಯಲ್ಲಿ 17,400 ಇರಬೇಕು, ಅಲ್ಲೂ ಬೀಳುವುದು 11,100 ಮಾತ್ರ. ಇದು ಎಲ್ಲೋ ಆರನೇ ದಶಮಾಂಶದಲ್ಲಿ ಅಡಗಿರುವ ತಪ್ಪಲ್ಲ.

ಕಿತ್ತಳೆ ಹಣ್ಣು ಮತ್ತು ಆರ್ಕಿಮಿಡೀಸ್

ಸರಿಯಾದ ದಾರಿ ಹಿಡಿಯಲು ಒಂದು ಮಾತು ತಲೆಯಲ್ಲಿ ಕೂರಬೇಕು. ಸಮ ಕೋನ ಅಂದರೆ ಸಮ ವಿಸ್ತೀರ್ಣ ಅಲ್ಲ. ನಾವು ಸಮನಾಗಿ ಹಂಚಬೇಕಾಗಿರುವುದು ವಿಸ್ತೀರ್ಣವನ್ನು.

ಚೆನ್ನಾಗಿ ದುಂಡಗಿರುವ ಒಂದು ಕಿತ್ತಳೆ ಹಣ್ಣು ತಗೊಳ್ಳಿ. ತೊಟ್ಟು ಮೇಲೆ ಬರುವಂತೆ ಇಟ್ಟು, ಅಡ್ಡಡ್ಡವಾಗಿ ಒಂದೇ ದಪ್ಪದ ಹತ್ತು ಬಿಲ್ಲೆ ಕತ್ತರಿಸಿ. ಈಗ ಪ್ರಶ್ನೆ: ಯಾವ ಬಿಲ್ಲೆಯಲ್ಲಿ ಸಿಪ್ಪೆ ಜಾಸ್ತಿ? ನಡುವಿನ ಬಿಲ್ಲೆ ಅಗಲವಾಗಿದೆ, ಅದರಲ್ಲೇ ಜಾಸ್ತಿ ಇರಬೇಕು ಅನ್ನಿಸುತ್ತದೆ. ಆದರೆ ಹಾಗಲ್ಲ. ಹತ್ತೂ ಬಿಲ್ಲೆಗಳ ಸಿಪ್ಪೆಯ ವಿಸ್ತೀರ್ಣ ಒಂದೇ! ನಡುವಿನ ಬಿಲ್ಲೆಯ ಸುತ್ತಳತೆ ದೊಡ್ಡದು, ಆದರೆ ಸಿಪ್ಪೆ ನೆಟ್ಟಗೆ ನಿಂತಿದೆ, ಹಾಗಾಗಿ ಪಟ್ಟಿಯ ಅಗಲ ಬಿಲ್ಲೆಯ ದಪ್ಪದಷ್ಟೇ. ತುದಿಯ ಬಿಲ್ಲೆ ಚಿಕ್ಕದು, ಆದರೆ ಅಲ್ಲಿ ಸಿಪ್ಪೆ ಓರೆಯಾಗಿ ಮಲಗಿದೆ, ಪಟ್ಟಿ ಅಗಲವಾಗಿದೆ. ಸುತ್ತಳತೆ ಎಷ್ಟು ಪಟ್ಟು ಕುಗ್ಗುತ್ತದೋ ಓರೆಯಿಂದ ಅಗಲ ಅಷ್ಟೇ ಪಟ್ಟು ಹಿಗ್ಗುತ್ತದೆ. ಒಂದಕ್ಕೊಂದು ಪೂರ್ತಿ ವಜಾ.

ಇದನ್ನು ಕಂಡುಹಿಡಿದವನು ಆರ್ಕಿಮಿಡೀಸ್. ಗೋಳದಿಂದ ಕತ್ತರಿಸಿದ ಪಟ್ಟಿಯ ವಿಸ್ತೀರ್ಣ, ಆ ಗೋಳವನ್ನು ಸರಿಯಾಗಿ ಹಿಡಿಸುವ ಸಿಲಿಂಡರಿನ ಅಷ್ಟೇ ಎತ್ತರದ ಪಟ್ಟಿಯ ವಿಸ್ತೀರ್ಣಕ್ಕೆ ಸಮ. ಸಿಲಿಂಡರ್ ಮತ್ತು ಗೋಳದ ಈ ನಂಟು ಅವನಿಗೆ ಎಷ್ಟು ಇಷ್ಟ ಆಗಿತ್ತು ಅಂದರೆ ಅವನ ಸಮಾಧಿಯ ಮೇಲೂ ಅದೇ ಆಕಾರವನ್ನು ಕೆತ್ತಿದ್ದರು. ಕ್ರಿಸ್ತಪೂರ್ವ 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ರೋಮಿನ ಸಿಸೆರೋ, ಪೊದೆ ಮುಚ್ಚಿಹೋಗಿದ್ದ ಆ ಸಮಾಧಿಯನ್ನು ಗುರುತು ಹಿಡಿದದ್ದು ಗೋಳ ಮತ್ತು ಸಿಲಿಂಡರಿನ ಆ ಕೆತ್ತನೆಯಿಂದಲೇ. ಎರಡು ಸಾವಿರ ವರ್ಷದ ಹಿಂದಿನ ಆ ಮಾತು ಇವತ್ತು ನಮ್ಮ ಕೋಡಿನ ಮೂರನೇ ಸಾಲು.

ಒಂದನೇ ವಿಧಾನ: ಎತ್ತರವನ್ನು ಸಮನಾಗಿ ಆರಿಸಿ

ಸಮ ಎತ್ತರದ ಪಟ್ಟಿಗಳಿಗೆ ಸಮ ವಿಸ್ತೀರ್ಣ ಅಂದಮೇಲೆ, ಥೀಟಾವನ್ನು ಮರೆತು ಎತ್ತರ ಝಡ್ ಅನ್ನೇ −1ರಿಂದ 1ರವರೆಗೆ ಸಮನಾಗಿ ಆರಿಸಿದರೆ ಮುಗಿಯಿತು. ಸುತ್ತುವ ಕೋನ ಫೈ ಮೊದಲಿನಂತೆಯೇ.

ಯು = ರ‍್ಯಾಂಡಮ್(0, 1)
ವಿ = ರ‍್ಯಾಂಡಮ್(0, 1)
ಝಡ್ = 2 × ಯು − 1
ಫೈ = 2 × ಪೈ × ವಿ
ಆರ್ = √(1 − ಝಡ್ × ಝಡ್)
ಎಕ್ಸ್ = ಆರ್ × ಕಾಸ್(ಫೈ)
ವೈ = ಆರ್ × ಸೈನ್(ಫೈ)

ಇಷ್ಟೇ. ಪೈಥಾನ್, ಫೋರ್ಟ್ರಾನ್, ಸಿ, ಜೂಲಿಯಾ, ಯಾವುದರಲ್ಲಿ ಬರೆದರೂ ಏಳು ಸಾಲು. ಆರ್ಕ್‌ಕಾಸ್ ಹಾಕಿ ಥೀಟಾ ಕಂಡುಹಿಡಿದು ಮತ್ತೆ ಅದರ ಸೈನ್ ತೆಗೆಯುವ ಕೋಡ್ ಎಷ್ಟೋ ಕಡೆ ನೋಡಿದ್ದೇನೆ. ತಪ್ಪೇನಿಲ್ಲ, ಆದರೆ ಸುತ್ತು ದಾರಿ. ಸೈನ್ ಥೀಟಾ ಅಂದರೆ ವರ್ಗಮೂಲದಲ್ಲಿ ಸಿಕ್ಕ ಆರ್ ತಾನೇ, ಸುಮ್ನೆ ಎರಡು ಫಂಕ್ಷನ್ ಯಾಕೆ ಕರೆಯಬೇಕು? ಕೋನವೇ ಬೇಕು ಅನ್ನುವವರು ಮಾತ್ರ ಥೀಟಾ = ಆರ್ಕ್‌ಕಾಸ್(ಝಡ್) ತೆಗೆದುಕೊಳ್ಳಲಿ. ಭೂಮಿಯ ಅಕ್ಷಾಂಶ ಬೇಕಾದರೆ ಆರ್ಕ್‌ಸೈನ್(ಝಡ್).

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಝಡ್‌ಗೂ ಫೈಗೂ ಒಂದೇ ಯು ಬಳಸಿಬಿಡುವುದು. ಕಾಪಿ ಪೇಸ್ಟ್ ಮಾಡುವಾಗ ಸುಲಭವಾಗಿ ಆಗುತ್ತದೆ. ಆಗ ಬಿಂದುಗಳೆಲ್ಲ ಕೆಳಗಿನ ಧ್ರುವದಿಂದ ಮೇಲಿನ ಧ್ರುವಕ್ಕೆ ಒಂದೇ ಸುತ್ತು ಸುತ್ತಿಕೊಂಡು ಹೋಗುವ ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಝಡ್ ಅಷ್ಟನ್ನೇ ನೋಡಿದರೆ ಸರಿಯಾಗಿದೆ, ಫೈ ಅಷ್ಟನ್ನೇ ನೋಡಿದರೂ ಸರಿಯಾಗಿದೆ. ಎರಡೂ ಸೇರಿದಾಗ ಗೋಳವೇ ಇಲ್ಲ!

ಇನ್ನೊಂದು ಗುಂಡಿ ಹೆಸರಿನದ್ದು. ಫಿಸಿಕ್ಸ್‌ನವರಿಗೆ ಥೀಟಾ ಅಂದರೆ ಧ್ರುವದಿಂದ ಇಳಿಯುವ ಕೋನ, ಗಣಿತದ ಎಷ್ಟೋ ಪುಸ್ತಕಗಳಲ್ಲಿ ಥೀಟಾ ಅಂದರೆ ಸುತ್ತುವ ಕೋನ. ಪೈಥಾನಿನ ವಿಜ್ಞಾನದ ಲೈಬ್ರರಿ ಸೈಪೈಯ ಹಳೆಯ ಸ್ಫೆರಿಕಲ್ ಹಾರ್ಮೋನಿಕ್ ಫಂಕ್ಷನ್ ಗಣಿತದವರ ಕ್ರಮ ಹಿಡಿದಿತ್ತು, ಹೊಸದು ಫಿಸಿಕ್ಸ್‌ನವರ ಕ್ರಮ ಹಿಡಿದಿದೆ. ಸಾಧ್ಯವಾದಷ್ಟೂ ಕೋನಗಳನ್ನು ಕೈಬಿಟ್ಟು ಎಕ್ಸ್, ವೈ, ಝಡ್ ಮೂರನ್ನೇ ಹಿಡಿದುಕೊಂಡು ಓಡಾಡಿ. ಗೊಂದಲ ಕಡಿಮೆ.

ಎರಡನೇ ವಿಧಾನ: ಮೂರು ಗೌಸಿಯನ್, ಒಂದು ಭಾಗಾಕಾರ

ನನ್ನ ಮನಸ್ಸಿಗೆ ಹತ್ತಿರವಾದದ್ದು ಇದು. ಸರಾಸರಿ 0, ವೇರಿಯನ್ಸ್ (ಹರಡುವಿಕೆಯ ಅಳತೆ) 1 ಇರುವ ಮೂರು ಗೌಸಿಯನ್ ಸಂಖ್ಯೆ, ಅಂದರೆ ಗಂಟೆಯಾಕಾರದ ಹಂಚಿಕೆಯಿಂದ ಬರುವ ಸಂಖ್ಯೆ, ತೆಗೆದುಕೊಳ್ಳಿ. ಅವನ್ನು ಎಕ್ಸ್, ವೈ, ಝಡ್ ಅನ್ನಿ. ಆ ವೆಕ್ಟರಿನ ಉದ್ದದಿಂದ ಮೂರನ್ನೂ ಭಾಗಿಸಿ. ಬಂದದ್ದು ಗೋಳದ ಮೇಲಿನ ಸಮನಾದ ರ‍್ಯಾಂಡಮ್ ಬಿಂದು.

ಯಾಕೆ? ಒಂದು ಗೌಸಿಯನ್ ಸಂಖ್ಯೆ ಎಕ್ಸ್ ಬರುವ ಸಾಧ್ಯತೆ ಎಕ್ಸ್ ವರ್ಗದ ಮೇಲೆ ನಿಂತಿದೆ, ಅದೂ ಘಾತದಲ್ಲಿ. ಮೂರನ್ನು ಗುಣಿಸಿದಾಗ ಘಾತದಲ್ಲಿರುವ ವರ್ಗಗಳು ಕೂಡಿಕೊಂಡು ಮೂಲದಿಂದ ಇರುವ ದೂರದ ವರ್ಗ ಆಗಿಬಿಡುತ್ತವೆ. ಅಂದರೆ ಮೂರೂ ಸೇರಿದ ಸಾಧ್ಯತೆಗೆ ಗೊತ್ತಿರುವುದು ದೂರ ಮಾತ್ರ, ದಿಕ್ಕು ಅದಕ್ಕೆ ಗೊತ್ತೇ ಇಲ್ಲ. ದಿಕ್ಕು ಗೊತ್ತಿಲ್ಲದ್ದು ಯಾವ ದಿಕ್ಕಿಗೆ ಪಕ್ಷಪಾತ ಮಾಡೀತು? ಮ್ಯಾಕ್ಸ್‌ವೆಲ್ 1860ರಲ್ಲಿ ಅನಿಲದ ಅಣುಗಳ ವೇಗದ ಹಂಚಿಕೆಯನ್ನು ಕಂಡುಕೊಂಡದ್ದೂ ಇದೇ ಯೋಚನೆಯಿಂದ, ಆದರೆ ಎದುರು ದಿಕ್ಕಿನಿಂದ. ಎಲ್ಲ ದಿಕ್ಕೂ ಸಮ, ಮೂರು ಅಕ್ಷದ ವೇಗಗಳು ಒಂದಕ್ಕೊಂದು ಸಂಬಂಧ ಇಲ್ಲದ್ದು ಎಂದು ಇಟ್ಟುಕೊಂಡರೆ ಗೌಸಿಯನ್ ಬಿಟ್ಟು ಬೇರೆ ದಾರಿಯಿಲ್ಲ. ಹಾಗಾಗಿ ಅಣುಗಳ ಸಿಮ್ಯುಲೇಷನ್‌ನಲ್ಲಿ ಆರಂಭದ ವೇಗ ಕೊಡುವವರು ದಿಕ್ಕನ್ನು ಬೇರೆಯಾಗಿ ಆರಿಸಬೇಕಾಗಿಲ್ಲ, ಮೂರು ಗೌಸಿಯನ್ ಕೊಟ್ಟರೆ ದಿಕ್ಕೂ ವೇಗವೂ ಒಟ್ಟಿಗೆ ಸಿಗುತ್ತವೆ.

ಈ ವಿಧಾನವನ್ನು ಕಂಪ್ಯೂಟರಿಗೆಂದು ಮರ್ವಿನ್ ಮುಲ್ಲರ್ 1959ರಲ್ಲಿ ಬರೆದಿಟ್ಟರು. ಇದರ ದೊಡ್ಡ ಬಲ ಏನೆಂದರೆ ಆಯಾಮ ಎಷ್ಟಾದರೂ ನಡೆಯುತ್ತದೆ. 4 ಆಯಾಮಕ್ಕೆ 4 ಗೌಸಿಯನ್, 100 ಆಯಾಮಕ್ಕೆ 100.

ನಮ್‌ಪೈಯಲ್ಲಿ (ಪೈಥಾನಿನಲ್ಲಿ ಅರೇಗಳನ್ನು, ಅಂದರೆ ಸಂಖ್ಯೆಗಳ ಪಟ್ಟಿಗಳನ್ನು ನಿಭಾಯಿಸುವ ಲೈಬ್ರರಿ) ಬರೆಯುವವರು ಒಂದು ಕಡೆ ಕಣ್ಣಿಡಬೇಕು. 1 ಲಕ್ಷ ಸಾಲು, 3 ಕಾಲಮ್ ಇರುವ ಗೌಸಿಯನ್ ಅರೇ ಮಾಡಿ, ಉದ್ದ ಕಂಡುಹಿಡಿಯುವಾಗ ಆಕ್ಸಿಸ್ ಹೇಳುವುದನ್ನು ಮರೆತರೆ ಅದು ಇಡೀ ಅರೇಯ ಒಂದೇ ಉದ್ದ ಕೊಡುತ್ತದೆ. ಆ ಒಂದು ಸಂಖ್ಯೆಯಿಂದ ಎಲ್ಲವನ್ನೂ ಭಾಗಿಸಿದರೆ ಎರರ್ ಬರುವುದಿಲ್ಲ, ಗೋಳದ ಬದಲು ಮೂಲದ ಬಳಿ ಪುಟ್ಟ ಮಂಜಿನ ಉಂಡೆ ಸಿಗುತ್ತದೆ. ಆಕ್ಸಿಸ್ 1 ಎಂದು ಹೇಳಿ, ಕೀಪ್‌ಡಿಮ್ಸ್ ಟ್ರೂ ಮಾಡಿ, ಆಮೇಲೆ ಭಾಗಿಸಿ. ಉದ್ದ ಪೂರ್ತಿ 0 ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಕೋಟಿಗಟ್ಟಲೆ ಸಲ ಓಡುವ ಕೋಡಿನಲ್ಲಿ ಒಂದು ಇಫ್ ಹಾಕಿ ಮತ್ತೆ ಆರಿಸುವುದು ಒಳ್ಳೆಯದು.

ಮೂರನೇ ವಿಧಾನ: ಆರಿಸಿ, ಬೇಡದ್ದನ್ನು ಬಿಸಾಡಿ

ಗೋಳವನ್ನು ಸರಿಯಾಗಿ ಹಿಡಿಸುವ ಒಂದು ಘನದೊಳಗೆ, ಅಂದರೆ ಮೂರೂ ಅಕ್ಷದಲ್ಲಿ −1ರಿಂದ 1ರವರೆಗೆ, ಸಮನಾಗಿ ಬಿಂದು ಆರಿಸಿ. ಅದು ಗೋಳದ ಒಳಗಿದ್ದರೆ ಇಟ್ಟುಕೊಂಡು ಉದ್ದದಿಂದ ಭಾಗಿಸಿ, ಹೊರಗಿದ್ದರೆ ಬಿಸಾಡಿ ಮತ್ತೆ ಆರಿಸಿ. ಉಳಿಯುವುದು 52 ಶೇಕಡಾ, ಅರ್ಧದಷ್ಟು ಶ್ರಮ ಹಾಳು. ಮೂರು ಆಯಾಮದಲ್ಲಿ ಹೇಗೋ ಸಹಿಸಬಹುದು. 10 ಆಯಾಮಕ್ಕೆ ಹೋದರೆ 400 ಬಿಂದುಗಳಲ್ಲಿ ಒಂದು ಉಳಿಯುತ್ತದೆ ಅಷ್ಟೇ.

ಬಿಸಾಡುವುದು ದಂಡ ಎಂದುಕೊಂಡು ಹೊರಗಿನ ಬಿಂದುಗಳನ್ನೂ ಭಾಗಿಸಿ ಗೋಳಕ್ಕೆ ತಂದು ಅಂಟಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಘನದ ಮೂಲೆಗಳ ಕಡೆ ಜಾಗ ಜಾಸ್ತಿ, ಆದ್ದರಿಂದ ಗೋಳದ ಮೇಲೆ ಎಂಟು ಮೂಲೆಗಳ ದಿಕ್ಕಿನಲ್ಲಿ ಬಿಂದುಗಳು ದಟ್ಟವಾಗುತ್ತವೆ. ಮೂಲೆಯ ದಿಕ್ಕಿನ ದಟ್ಟಣೆ ಮುಖದ ನಡುವಿನ ದಿಕ್ಕಿಗಿಂತ 5.2 ಪಟ್ಟು. ಈ ತಪ್ಪು ಎಷ್ಟು ನಾಜೂಕಾಗಿ ಅಡಗಿಕೊಳ್ಳುತ್ತದೆ ಎಂದು ಪರೀಕ್ಷೆಯ ಭಾಗದಲ್ಲಿ ಹೇಳುತ್ತೇನೆ.

ಜಾರ್ಜ್ ಮಾರ್ಸಾಗ್ಲಿಯಾ 1972ರಲ್ಲಿ ಇದಕ್ಕೆ ಒಂದು ಅಂದವಾದ ಸುಧಾರಣೆ ಕೊಟ್ಟರು. ಘನದ ಬದಲು ಚೌಕ ಸಾಕು. −1ರಿಂದ 1ರವರೆಗೆ ಎರಡು ಸಂಖ್ಯೆ ಎ ಮತ್ತು ಬಿ ಆರಿಸಿ, ಅವುಗಳ ವರ್ಗಗಳ ಮೊತ್ತ ಎಸ್ ಅನ್ನಿ. ಎಸ್ 1ಕ್ಕಿಂತ ಕಡಿಮೆ ಇಲ್ಲದಿದ್ದರೆ ಮತ್ತೆ ಆರಿಸಿ. ಇದ್ದರೆ:

ಎಕ್ಸ್ = 2 × ಎ × √(1 − ಎಸ್)
ವೈ = 2 × ಬಿ × √(1 − ಎಸ್)
ಝಡ್ = 1 − 2 × ಎಸ್

78.5 ಶೇಕಡಾ ಉಳಿಯುತ್ತದೆ, ಸೈನ್ ಇಲ್ಲ, ಕಾಸ್ ಇಲ್ಲ, ಒಂದೇ ವರ್ಗಮೂಲ. ಒಳಗೆ ಇಣುಕಿ ನೋಡಿದರೆ ಇಲ್ಲೂ ಕಿತ್ತಳೆಯೇ ಇದೆ. ವೃತ್ತದೊಳಗೆ ಸಮನಾಗಿ ಬಿದ್ದ ಬಿಂದುವಿನ ಎಸ್ ತಾನೂ 0ಯಿಂದ 1ರವರೆಗೆ ಸಮನಾಗಿರುತ್ತದೆ, ಹಾಗಾಗಿ ಝಡ್ −1ರಿಂದ 1ರವರೆಗೆ ಸಮ.

ಯಾವುದನ್ನು ಹಿಡಿಯಬೇಕು? ನಮ್‌ಪೈ ಥರ ಅರೇಗಳಲ್ಲಿ ಕೆಲಸ ಮಾಡುವವರಿಗೆ ಒಂದನೇ ಅಥವಾ ಎರಡನೇ ವಿಧಾನ, ಎರಡೂ ಸಲೀಸು. ಸಿ ಅಥವಾ ಫೋರ್ಟ್ರಾನ್‌ನಲ್ಲಿ ಒಂದೊಂದೇ ಬಿಂದು ಬೇಕಾದಾಗ ಮಾರ್ಸಾಗ್ಲಿಯಾ ಚೆನ್ನ. ಜಿಪಿಯುನಲ್ಲಿ ಬಿಸಾಡುವ ವಿಧಾನ ಬೇಡ, ಯಾಕೆಂದರೆ ಒಟ್ಟಿಗೆ ನಡೆಯುವ ಥ್ರೆಡ್‌ಗಳಲ್ಲಿ ಒಂದಕ್ಕೆ ಬಿಂದು ಸಿಗದಿದ್ದರೆ ಉಳಿದವೆಲ್ಲ ಕಾಯುತ್ತಾ ನಿಲ್ಲುತ್ತವೆ, ಅಲ್ಲಿ ಒಂದನೆಯದೇ ಸರಿ. ತಯಾರಾಗಿರುವುದನ್ನೇ ಬಳಸಬೇಕೆಂದರೆ ಸಿ ಭಾಷೆಯ ಲೈಬ್ರರಿ ಜಿಎಸ್‌ಎಲ್‌ನಲ್ಲಿ ಮೂರು ಆಯಾಮದ ರ‍್ಯಾಂಡಮ್ ದಿಕ್ಕು ಕೊಡುವ ಫಂಕ್ಷನ್ ಇದೆ, ಸೈಪೈಯಲ್ಲೂ ಇದೆ. ನನ್ನ ಕೇಳಿದರೆ ಏಳು ಸಾಲಿನದ್ದನ್ನು ಕೈಯಾರೆ ಬರೆದು ಅರ್ಥ ಮಾಡಿಕೊಳ್ಳುವುದೇ ಮೇಲು.

ಪರೀಕ್ಷೆ: ಬರೀ ಸರಾಸರಿ ನೋಡಿ ನಂಬಬೇಡಿ

ಈ ಭಾಗವನ್ನು ಮಾತ್ರ ಹಾರಿಸಬೇಡಿ. 10 ಲಕ್ಷ ಬಿಂದು ಮಾಡಿಕೊಂಡು ಕೂತುಕೊಳ್ಳಿ.

ಮೊದಲು ಎಕ್ಸ್, ವೈ, ಝಡ್ ಮೂರರ ಸರಾಸರಿ. ಮೂರೂ 0 ಹತ್ತಿರ ಇರಬೇಕು. ಎಷ್ಟು ಹತ್ತಿರ? ಬಿಂದುಗಳ ಸಂಖ್ಯೆಯ ಮೂರು ಪಟ್ಟು ತೆಗೆದುಕೊಂಡು ಅದರ ವರ್ಗಮೂಲದಿಂದ 1 ಅನ್ನು ಭಾಗಿಸಿ, 10 ಲಕ್ಷಕ್ಕೆ 0.00058 ಬರುತ್ತದೆ. ಅದರ ಎರಡು ಮೂರು ಪಟ್ಟಿನೊಳಗೆ ಇದ್ದರೆ ಸರಿ. ಒಂದೇ ಯು ಎರಡು ಕಡೆ ಬಳಸಿದ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ, ಎಕ್ಸ್‌ನ ಸರಾಸರಿ −0.14 ಬರುತ್ತದೆ. ಆದರೆ ಧ್ರುವಗಳಲ್ಲಿ ಗುಂಪು ಕಟ್ಟುವ ಆ ಮೊದಲ ತಪ್ಪು ಕೋಡ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸ್! ಮೇಲಿನ ಧ್ರುವದಲ್ಲಿ ಎಷ್ಟು ಜಾಸ್ತಿಯೋ ಕೆಳಗಿನದರಲ್ಲೂ ಅಷ್ಟೇ ಜಾಸ್ತಿ, ಕೂಡಿದರೆ ಸೊನ್ನೆ.

ಆಮೇಲೆ ವರ್ಗಗಳ ಸರಾಸರಿ. ಎಕ್ಸ್ ವರ್ಗ, ವೈ ವರ್ಗ, ಝಡ್ ವರ್ಗ, ಮೂರರ ಸರಾಸರಿಯೂ 1/3 ಬರಬೇಕು. ಧ್ರುವದ ತಪ್ಪಿನಲ್ಲಿ 1/4, 1/4, 1/2 ಬರುತ್ತದೆ. ಸಿಕ್ಕಿಬಿತ್ತು. ಆದರೆ ಘನದ ಮೂಲೆಗಳನ್ನು ಅಂಟಿಸಿದ ಕೋಡ್ ಇದರಲ್ಲೂ ಪಾಸ್ ಆಗುತ್ತದೆ. ಘನಕ್ಕೆ ಮೂರು ಅಕ್ಷವೂ ಒಂದೇ ಅಲ್ಲವೇ, ಮೂರೂ 1/3 ಬಂದೇ ಬರುತ್ತದೆ.

ಹಾಗಾಗಿ ಮೂರನೆಯದು, ನಿಜವಾದ ಪರೀಕ್ಷೆ. ಝಡ್‌ನ ಹಿಸ್ಟೋಗ್ರಾಂ ಹಾಕಿ, −1ರಿಂದ 1ರವರೆಗೆ 20 ಕಂಬ. ಆರ್ಕಿಮಿಡೀಸ್ ಹೇಳಿದ ಹಾಗೆ ಎಲ್ಲ ಕಂಬವೂ ಒಂದೇ ಎತ್ತರ ಇರಬೇಕು, ಒಂದೊಂದರಲ್ಲಿ 50,000, ಏರುಪೇರು ಸುಮಾರು 220. ಘನದ ತಪ್ಪಿನಲ್ಲಿ ಏನಾಗುತ್ತದೆ ನೋಡಿ. ಸಮಭಾಜಕದ ಬಳಿ ಕಂಬ ಇರಬೇಕಾದ ಎತ್ತರದ 0.77ರಷ್ಟು, ಝಡ್ 0.58ರ ಹತ್ತಿರ ಸುಮಾರು 1.4ರಷ್ಟು, ಧ್ರುವದಲ್ಲಿ 0.52ಕ್ಕೆ ಕುಸಿತ. ಒಂಟೆಯ ಎರಡು ಡುಬ್ಬದ ಹಾಗೆ ಕಾಣುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಎಕ್ಸ್, ವೈಗೂ ಇದೇ ಹಿಸ್ಟೋಗ್ರಾಂ ಹಾಕಿ. ಆಮೇಲೆ ಅಕ್ಷಗಳಿಗೆ ಸಂಬಂಧ ಇಲ್ಲದ ಯಾವುದಾದರೂ ಓರೆ ದಿಕ್ಕು ಹಿಡಿದು, ಬಿಂದುಗಳ ಜೊತೆ ಅದರ ಡಾಟ್ ಪ್ರಾಡಕ್ಟ್ ತೆಗೆದು ಅದಕ್ಕೂ ಹಾಕಿ. ಹಣ್ಣನ್ನು ಯಾವ ಕಡೆಯಿಂದ ಕತ್ತರಿಸಿದರೂ ಬಿಲ್ಲೆಗಳ ಸಿಪ್ಪೆ ಸಮ ಇರಬೇಕು, ಅದೇ ಪರೀಕ್ಷೆ. ಕಣ್ಣಳತೆ ಸಾಲದು ಅನ್ನುವವರು ಕೈ ಸ್ಕ್ವೇರ್ ಪರೀಕ್ಷೆ (ಪ್ರತಿ ಕಂಬದ ವ್ಯತ್ಯಾಸದ ವರ್ಗವನ್ನು ಇರಬೇಕಾದ ಎಣಿಕೆಯಿಂದ ಭಾಗಿಸಿ ಕೂಡುವುದು) ಮಾಡಿ, 20 ಕಂಬಕ್ಕೆ ಉತ್ತರ 19ರ ಆಸುಪಾಸು ಬರಬೇಕು.

ಒಂದು ವಿಷಯಕ್ಕೆ ಗಾಬರಿಯಾಗಬೇಡಿ. ಸರಿಯಾದ ಕೋಡಿನಿಂದ 1,000 ಬಿಂದು ಹಾಕಿ ಚಿತ್ರ ನೋಡಿದರೂ ಅಲ್ಲಲ್ಲಿ ಗುಂಪು, ಅಲ್ಲಲ್ಲಿ ಖಾಲಿ ಜಾಗ ಕಾಣುತ್ತದೆ. ಅದು ತಪ್ಪಲ್ಲ. ಗೋಳವನ್ನು 100 ಸಮ ತುಂಡು ಮಾಡಿದರೆ ಒಂದೊಂದರಲ್ಲಿ ಸರಾಸರಿ 10 ಬಿಂದು, ಆದರೆ ಯಾವುದೋ ಒಂದರಲ್ಲಿ 4, ಇನ್ನೊಂದರಲ್ಲಿ 17 ಇರುವುದು ಸಹಜ. ರಂಗೋಲಿ ಚುಕ್ಕಿ ಇಟ್ಟ ಹಾಗೆ ಸಮ ಅಂತರದಲ್ಲಿ ಬೇಕಿದ್ದರೆ ನಿಮಗೆ ಬೇಕಾಗಿರುವುದು ರ‍್ಯಾಂಡಮ್ ಅಲ್ಲ, ಫಿಬೊನಾಚಿ ಜೋಡಣೆ. ಝಡ್ ಅನ್ನು ಸಮ ಅಂತರದಲ್ಲಿ ಇಳಿಸುತ್ತಾ, ಪ್ರತಿ ಹೆಜ್ಜೆಗೂ 137.5 ಡಿಗ್ರಿ ತಿರುಗುತ್ತಾ ಹೋದರೆ ಅದು ಸಿಗುತ್ತದೆ. ಅಂತರ ಚೆನ್ನಾಗಿದೆ ಎಂದು ಅದನ್ನು ರ‍್ಯಾಂಡಮ್ ಬೇಕಾದ ಕಡೆ ಹಾಕಿದರೆ ಎರರ್ ಬಾರಿನ (ಉತ್ತರದ ಅನಿಶ್ಚಿತತೆಯ) ಲೆಕ್ಕವೆಲ್ಲ ಕೆಡುತ್ತದೆ.

ಹತ್ತಿರದ ನಾಲ್ಕು ಕೆಲಸಗಳು

ಗೋಳದ ಒಳಗೆ ತುಂಬಬೇಕೆ? ದಿಕ್ಕನ್ನು ಮೇಲಿನಂತೆ ಆರಿಸಿ, ದೂರಕ್ಕೆ ಒಂದು ಹೊಸ ಯುವಿನ ಘನಮೂಲ ಹಾಕಿ. ಬರೀ ಯು ಹಾಕಿದರೆ ನಡುವೆ ಗಿಜಿಗಿಜಿ.

ಗೋಡೆಯೊಂದರಿಂದ ಕಣಗಳು ಡಬ್ಬಿಯೊಳಗೆ ಬರುತ್ತಿವೆ ಅನ್ನಿ, ಹೊರಗೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತಿವೆ. ಇಲ್ಲಿ ಅರ್ಧಗೋಳದಲ್ಲಿ ಸಮನಾಗಿ ದಿಕ್ಕು ಆರಿಸುವುದು ತಪ್ಪು. ಗೋಡೆಗೆ ನೆಟ್ಟಗೆ ಬರುವವಕ್ಕೆ ಗೋಡೆ ದೊಡ್ಡದಾಗಿ ಕಾಣುತ್ತದೆ, ಓರೆಯಾಗಿ ಬರುವವಕ್ಕೆ ಸಣ್ಣದಾಗಿ. ಹಾಗಾಗಿ ಕೊಸೈನ್ ತೂಕ ಬೇಕು. ಝಡ್ = √ಯು ಅಷ್ಟೇ, ಉಳಿದ ಸಾಲು ಹಾಗೇ ಇರಲಿ. ತುಂಬಾ ಅನುಭವ ಇರುವವರೂ ಇಲ್ಲಿ ಎಡವುತ್ತಾರೆ.

ಒಂದು ದಿಕ್ಕಿನ ಸುತ್ತ ಆಲ್ಫಾ ಕೋನದೊಳಗಿನ ಸಣ್ಣ ಟೊಪ್ಪಿಗೆಯಲ್ಲಿ ಮಾತ್ರ ಬೇಕಾದರೆ ಝಡ್ ಅನ್ನು ಕಾಸ್(ಆಲ್ಫಾ)ದಿಂದ 1ರವರೆಗೆ ಸಮನಾಗಿ ಆರಿಸಬೇಕು. ಆದರೆ ಆಲ್ಫಾ ತೀರಾ ಚಿಕ್ಕದಾದರೆ ಕಾಸ್(ಆಲ್ಫಾ) ಕಂಪ್ಯೂಟರಿನಲ್ಲಿ ಸರಿಯಾಗಿ 1 ಆಗಿಬಿಡುತ್ತದೆ. 32 ಬಿಟ್ ಫ್ಲೋಟ್‌ನಲ್ಲಿ 0.0001 ರೇಡಿಯನ್‌ಗೇ ಹೀಗಾಗುತ್ತದೆ, ಎಲ್ಲ ಬಿಂದುವೂ ಅಕ್ಷದ ಮೇಲೇ ಕೂರುತ್ತವೆ. ಅದಕ್ಕೆ ಹೀಗೆ ಬರೆಯಿರಿ:

ಟಿ = ಯು × 2 × ಸೈನ್²(ಆಲ್ಫಾ / 2)
ಝಡ್ = 1 − ಟಿ
ಆರ್ = √(ಟಿ × (2 − ಟಿ))

ಟಿ ಚಿಕ್ಕದಾದರೂ ಅದರ ಅಂಕೆಗಳು ಉಳಿಯುತ್ತವೆ, ಆರ್ ಕೂಡ ಸರಿಯಾಗಿ ಬರುತ್ತದೆ. ಆಮೇಲೆ ಟೊಪ್ಪಿಗೆಯನ್ನು ಬೇಕಾದ ದಿಕ್ಕಿಗೆ ಕೂರಿಸಬೇಕು. ಆ ದಿಕ್ಕಿನ ವೆಕ್ಟರಿನ ಮೂರು ಸಂಖ್ಯೆಯಲ್ಲಿ ಚಿಹ್ನೆ ಬಿಟ್ಟು ನೋಡಿದರೆ ಯಾವುದು ತೀರಾ ಚಿಕ್ಕದೋ ಆ ಅಕ್ಷ ತೆಗೆದುಕೊಂಡು ಕ್ರಾಸ್ ಪ್ರಾಡಕ್ಟ್ ಮಾಡಿ, ಉದ್ದ 1ಕ್ಕೆ ತನ್ನಿ. ಸಿಕ್ಕಿದ್ದನ್ನು ಮತ್ತೆ ಮೂಲ ದಿಕ್ಕಿನ ಜೊತೆ ಕ್ರಾಸ್ ಮಾಡಿ. ಒಂದಕ್ಕೊಂದು ಲಂಬವಾದ ಮೂರು ವೆಕ್ಟರ್ ಸಿಕ್ಕವು, ಎಕ್ಸ್, ವೈ, ಝಡ್‌ಗಳನ್ನು ಅವುಗಳ ಮೇಲೆ ಹಾಕಿ ಕೂಡಿಸಿ. ಯಾವಾಗಲೂ ಒಂದೇ ಅಕ್ಷದ ಜೊತೆ ಕ್ರಾಸ್ ಮಾಡುವ ಕೋಡ್, ದಿಕ್ಕು ಆ ಅಕ್ಷದ ಮೇಲೇ ಬಂದ ದಿನ ಸೊನ್ನೆಯಿಂದ ಭಾಗಿಸುತ್ತದೆ.

ಇನ್ನು ಒಂದು ಅಣುವನ್ನು ರ‍್ಯಾಂಡಮ್ ಆಗಿ ತಿರುಗಿಸಿ ಇಡಬೇಕಾದಾಗ. ತಿರುಗುವಿಕೆಯನ್ನು ಹೇಳುವ ಮೂರು ಆಯ್ಲರ್ ಕೋನಗಳನ್ನು ಸಮನಾಗಿ ಆರಿಸಿದರೆ ಧ್ರುವದ ಅದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ಅಕ್ಷವನ್ನು ಸರಿಯಾಗಿ ಆರಿಸಿ, ತಿರುಗಿಸುವ ಕೋನವನ್ನು ಸಮನಾಗಿ ಆರಿಸಿದರೂ ತಪ್ಪೇ, ಸಣ್ಣ ತಿರುಗುವಿಕೆಗಳು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತವೆ. ನಾಲ್ಕು ಗೌಸಿಯನ್ ತೆಗೆದುಕೊಂಡು ಉದ್ದ 1ಕ್ಕೆ ತಂದು ಕ್ವಾಟರ್ನಿಯನ್ (ತಿರುಗುವಿಕೆಯನ್ನು ಹೇಳುವ ನಾಲ್ಕು ಸಂಖ್ಯೆಗಳ ಗುಂಪು) ಎಂದು ಬಳಸಿ. ಎರಡನೇ ವಿಧಾನವೇ, ಒಂದು ಆಯಾಮ ಜಾಸ್ತಿ.

ಸೀಡ್ ಮತ್ತು ಜನರೇಟರ್

ಮೇಲಿನ ಎಲ್ಲವೂ ಸರಿಯಾಗಿದ್ದು ಕೆಳಗಿನ ರ‍್ಯಾಂಡಮ್ ಜನರೇಟರ್ ಕೆಟ್ಟದಾಗಿದ್ದರೆ ಏನೂ ಪ್ರಯೋಜನವಿಲ್ಲ. 1960ರ ದಶಕದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ರ‍್ಯಾಂಡ್‌ಯು ಎಂಬ ಜನರೇಟರಿನಿಂದ ಸತತ ಮೂರು ಸಂಖ್ಯೆ ತೆಗೆದು ಘನದೊಳಗೆ ಬಿಂದು ಹಾಕಿದರೆ ಎಲ್ಲವೂ ಬರೀ 15 ಸಮತಲಗಳ ಮೇಲೆ ಕೂರುತ್ತವೆ. ಇವತ್ತು ನಮ್‌ಪೈಯ ಡಿಫಾಲ್ಟ್ ಆಗಿರುವ ಪಿಸಿಜಿ64 ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಸಿ ಭಾಷೆಯ ಹಳೆಯ ರ‍್ಯಾಂಡ್ ಫಂಕ್ಷನ್ ಮಾತ್ರ ಸೈಂಟಿಫಿಕ್ ಕೋಡಿಗೆ ಬೇಡ.

ಹಲವು ಪ್ರೊಸೆಸರ್‌ಗಳಲ್ಲಿ ಒಟ್ಟಿಗೆ ಓಡಿಸುವಾಗ ಇನ್ನೂ ಹುಷಾರು. ಒಮ್ಮೆ ನಾನು 16 ಜಾಬ್ ಒಟ್ಟಿಗೆ ಹಾಕಿದ್ದೆ, ಸೀಡ್ (ಜನರೇಟರ್ ಶುರುವಾಗುವ ಸಂಖ್ಯೆ) ಆಗಿ ಗಡಿಯಾರದ ಸೆಕೆಂಡನ್ನು ಕೊಟ್ಟಿದ್ದೆ. ಎಲ್ಲವೂ ಒಂದೇ ಸೆಕೆಂಡಿನಲ್ಲಿ ಶುರುವಾದವು. 16 ಫೈಲಿನಲ್ಲೂ ಮೊದಲ ಬಿಂದುವಿನಿಂದ ಕೊನೆಯ ಬಿಂದುವಿನವರೆಗೆ ಎಲ್ಲ ದಶಮಾಂಶವೂ ಒಂದೇ. ಎರರ್ ಬಾರ್ ನಾಲ್ಕು ಪಟ್ಟು ಇಳಿಯುತ್ತದೆ ಎಂದು ಕಾದಿದ್ದೆ, ಕೈಯಲ್ಲಿದ್ದದ್ದು ಒಂದೇ ಓಟದ 16 ಪ್ರತಿ. ನಮ್‌ಪೈಯಲ್ಲಿ ಸೀಡ್ ಸೀಕ್ವೆನ್ಸ್ ಎಂಬುದಿದೆ, ಒಂದು ಮುಖ್ಯ ಸೀಡ್ ಕೊಟ್ಟು ಸ್ಪಾನ್ ಎಂದರೆ ಒಂದೊಂದು ಜಾಬಿಗೂ ಬೇರೆ ಬೇರೆ ಮರಿ ಸೀಡ್ ಸಿಗುತ್ತದೆ. ಆ ಮುಖ್ಯ ಸೀಡ್ ಅನ್ನು ಔಟ್‌ಪುಟ್ ಫೈಲಿನ ಮೊದಲ ಸಾಲಿನಲ್ಲೇ ಬರೆದಿಡಿ, ಅದರ ಕೆಳಗೆ ಝಡ್ ವರ್ಗದ ಸರಾಸರಿಯನ್ನೂ ಪ್ರಿಂಟ್ ಮಾಡಿ. ಓಟ ಮುಗಿದಾಗ ಅದು 0.333 ಬಿಟ್ಟು ಬೇರೆ ಏನಾದರೂ ಇದ್ದರೆ, ಗ್ರಾಫ್ ನೋಡುವ ಮೊದಲು ಕೋಡ್ ನೋಡಿ.